ಗಾಳಿ ಲೆಕ್ಕ

ಈ ಶಾಲೆಯ ಕಿಟಕಿಗಳನ್ನು ನಾನು ಒಂದೊಂದಾಗಿ ಬಲ್ಲೆ.
ಇಪ್ಪತ್ತಾರು ವರ್ಷ ಬಾಯ್ಲರಿಗೆ ಬೆಂಕಿ, ಬಿಜಾಗರಿಗೆ ಎಣ್ಣೆ,
ಮಕ್ಕಳ ವಾಂತಿಗೆ ಮರದ ಹೊಟ್ಟು.
ಫಿಲಡೆಲ್ಫಿಯಾದ ಉತ್ತರಕ್ಕೆ, ರೈಲು ಹಳಿಯ ಬಗಲಿಗೆ
ಕಂದು ಇಟ್ಟಿಗೆಯ ಮೂರು ಮಹಡಿ.
ಯಾವುದು ಮೊಣಕೈಗೆ ಜಗ್ಗುತ್ತದೆ, ಯಾವುದು ಬೈಗುಳಕ್ಕೆ,
ಯಾವುದಕ್ಕೆ ಬಣ್ಣದ ಮೇಲೆ ಬಣ್ಣ ಬಳಿದು
ಬಾಯಿ ಹೊಲಿದಿದ್ದಾರೆ, ನನಗೆ ಗೊತ್ತು.

ಫೆಬ್ರುವರಿಯಲ್ಲಿ ಮೇಲಿನವರ ಕಾಗದ ಬಂತು:
ಸೋಮವಾರ ಶಾಲೆ ಶುರು. ಗಾಳಿ ಸಮರ್ಪಕವಾಗಿದೆ.
ಸಮರ್ಪಕ!
ಬರೆದ ಪುಣ್ಯಾತ್ಮ ಕೋಣೆ ಇನ್ನೂರ ಹದಿನಾಲ್ಕರಲ್ಲಿ
ಒಂದು ಮಧ್ಯಾಹ್ನ ಕೂತವನಲ್ಲ.

ಥಿಯೋಡೊರಾ ಕ್ವಿನ್ ಬಂದಳು. ಮೂರನೇ ತರಗತಿ,
ಸಂಘದ ಪ್ರತಿನಿಧಿ, ಮುಖಕ್ಕೆ ಎರಡು ಮಾಸ್ಕು,
ಕೈಯಲ್ಲಿ ಟಾಯ್ಲೆಟ್ ಪೇಪರಿನ ಸುರುಳಿ.
"ರೂಫಸ್, ಏಣಿ ಹಿಡಿ."
ಹಿಡಿದೆ. ಹತ್ತಿದಳು. ಗೇಣುದ್ದ ಹರಿದು
ಗಾಳಿಗಂಡಿಯ ಜಾಲರಿಗೆ ಒಡ್ಡಿದಳು.
ನೋಡಿದೆವು.
ಇನ್ನೂ ನೋಡಿದೆವು.
ಕೊಟ್ಟ ಮಾತನ್ನು ಗಾಳಿಗೆ ತೂರಿದರು ಅನ್ನುತ್ತೀರಿ,
ತೂರುವುದಕ್ಕಾದರೂ ಒಂದಿಷ್ಟು ಗಾಳಿ ಬೇಡವೇ?

ಸೋಮವಾರ ಅವರು ಒಳಗೆ ಬರಲಿಲ್ಲ.
ಹಿಮ ಗುಡಿಸಿದ ಫುಟ್‌ಪಾತಿನ ಮೇಲೆ ಮಡಚು ಮೇಜು,
ಕಂಬಳಿ, ಲ್ಯಾಪ್‌ಟಾಪು, ಬೆರಳು ತುದಿ ಕತ್ತರಿಸಿದ ಕೈಗವಸು.
ಅಲ್ಲಿಂದಲೇ ಪಾಠ. ಏಳರ ಮಗ್ಗಿ.
ಪರದೆಯೊಳಗೆ ಒಂದು ಮುಖ ಬಾಯಿ ತೆರೆದು
ಹಾಗೇ ನಿಂತುಬಿಡುತ್ತದೆ, ಏಳಾರ... ಏಳಾರ...
ರೇಡಿಯೊದವ ಅವರನ್ನು ಮೈಗಳ್ಳರು ಅಂದ.
ಊಟದ ಮನೆಯ ಲೂರ್ಲೀನ್ ಏಪ್ರಿಲಿನಲ್ಲಿ ಹೋದಳಲ್ಲ,
ಅವಳ ಏಪ್ರನ್ನು ಇನ್ನೂ ಮೊಳೆಯ ಮೇಲೇ ಇದೆ.
ಅದು ಗಾಳಿಮಾತಲ್ಲ.

ಮತ್ತೆ ನಾನು? ಇಡೀ ವರ್ಷ ಒಳಗೇ ಇದ್ದೆ.
ನನ್ನ ಸಂಘ ಬೇರೆ. ನನ್ನ ಉಸಿರು ಎಷ್ಟೆಂದು
ಯಾವ ಕಾಗದವೂ ಕೇಳಲಿಲ್ಲ.

ಮೂರನೆಯ ದಿನ ಯಾಹೈರಾ ಬಂದಳು,
ವೃದ್ಧರ ಮನೆಯ ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ.
"ನೀವು ಮನೆಯಿಂದ ಮಗ್ಗಿ ಹೇಳಿಸುತ್ತೀರಿ.
ನಾನು ಮುದುಕರ ಬೆನ್ನನ್ನು ಮನೆಯಿಂದ ತೊಳೆಯಲೇ?
ನನ್ನ ಎಲಿಯೆಲ್ ಲಾಂಡ್ರಿಯಲ್ಲಿ ಕೂತು ಓದುತ್ತಾನೆ,
ವೈಫೈಗಾಗಿ, ಒಣಗುವ ಯಂತ್ರದ ಸದ್ದಿನಲ್ಲಿ."
ಥಿಯೋಡೊರಾಳ ಹತ್ತಿರ ಉತ್ತರವಿರಲಿಲ್ಲ.
ಇದ್ದಿದ್ದರೆ ನನಗೆ ಅವಳು ಸೇರುತ್ತಿರಲಿಲ್ಲ.

ನಿಯಮವಿಲ್ಲ, ಆದರೂ ಯಾಹೈರಾಳನ್ನು ಒಳಗೆ ಕರೆದೊಯ್ದೆ.
ಏಣಿ. ಸುರುಳಿ. ಗೇಣುದ್ದ ಪಟ್ಟಿ.
ತೋಳು ಚಾಚಿ ಅವಳೇ ಹಿಡಿದಳು,
ನಿದ್ದೆಗೆಟ್ಟ ಕಣ್ಣು ಮಿಟುಕಿಸದೆ.
"ರಾತ್ರಿ ಎರಡು ಗಂಟೆಗೆ ನಾನು ಮಾಡುವುದೂ ಇದನ್ನೇ,"
ಅಂದಳು, "ಮೂಗಿನ ಹತ್ತಿರ ಕೈಯ ಹಿಂಬದಿ ಇಟ್ಟು."
ಇಳಿದಳು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟಳು.
ಒಲಿದಳು ಅಂತಲ್ಲ.
ಹೊರಗೆ ಮೇಜಿನ ಮುಂದೆ ನಿಂತು ಗದರಿದಳು:
"ಸರಿ ಮಾಡಿಸಿ. ಮುಚ್ಚಿಕೊಂಡು ಕೂರಬೇಡಿ, ಸರಿ ಮಾಡಿಸಿ."
ಆಮೇಲೆ ಆ ಪಟ್ಟಿ ಮಂಡಳಿಯ ಸಭೆಯಲ್ಲಿ
ಯಾರ ಮೂಗಿನ ಮುಂದೆ ಹಿಡಿಯಲ್ಪಟ್ಟಿತೋ,
ನಾನು ಕೇಳಿದ್ದಷ್ಟೇ, ಕಂಡಿಲ್ಲ.

ದಿನಾಂಕ ಸರಿಯಿತು. ಮತ್ತೊಮ್ಮೆ ಸರಿಯಿತು.
ಹನ್ನೊಂದು ಫ್ಯಾನು ಬಂದವು, ಎರಡು ಸತ್ತೇ ಬಂದವು.
ಕೊನೆಗೆ ಉಳಿಯೂ ಸುತ್ತಿಗೆಯೂ ನಾನೂ.
ಇನ್ನೂರ ಹದಿನಾಲ್ಕರ ಕಿಟಕಿಯ ಬಣ್ಣ ಕೊರೆದೆ:
ಕೆನೆ, ಅದರಡಿ ಹಸಿರು, ಅದರಡಿ ಬೂದು,
ತಳದಲ್ಲಿ ಸೀಸ. ಅದಕ್ಕೆ ಬೇರೆಯೇ ಮಾಸ್ಕು.
ಚೌಕಟ್ಟು ನರಳಿ ನಾಲ್ಕು ಬೆರಳು ಮೇಲೆದ್ದಾಗ
ಒಳಕ್ಕೆ ಬಂದದ್ದು ಚಳಿ, ಡೀಸೆಲ್ ವಾಸನೆ,
ಹಾದುಹೋಗುವ ರೈಲು.

ಎಲಿಯೆಲ್ ಈಗ ಮೂರನೇ ಸಾಲಿನಲ್ಲಿ, ಜಾಕೆಟ್ ತೆಗೆದಿಲ್ಲ.
ಜಾಲರಿಗೆ ಥಿಯೋಡೊರಾ ಅಂಟಿಸಿದ ಹೊಸ ಪಟ್ಟಿಯ ಮೇಲೇ ಕಣ್ಣು.
"ಏಳೆಂಟ್ಲ?"
ಪಟ್ಟಿ ಹೌದೋ ಅಲ್ಲವೋ ಅನ್ನುವಷ್ಟು ವಾಲಿತು.
"ಐವತ್ತಾರು," ಅಂದ ಹುಡುಗ,
ಅದನ್ನು ನೋಡುತ್ತಲೇ.